ಒಂದೇ ಮಿಂಚುಳ್ಳಿ, ವೆಕ್ಟರ್‌ನಲ್ಲೂ ರಾಸ್ಟರ್‌ನಲ್ಲೂ

ಕಂಪ್ಯೂಟರ್‌ನಲ್ಲಿ ಚಿತ್ರ ಉಳಿಸಲು ಎರಡು ದಾರಿ: ಗೆರೆ, ಆಕಾರಗಳನ್ನು ಲೆಕ್ಕವಾಗಿ ಇಡುವ ವೆಕ್ಟರ್, ಪಿಕ್ಸೆಲ್ ಎಂಬ ಸಣ್ಣ ಬಣ್ಣದ ಚುಕ್ಕಿಗಳಾಗಿ ಇಡುವ ರಾಸ್ಟರ್. ವೆಕ್ಟರ್ ಒಳ್ಳೆಯದೋ ರಾಸ್ಟರ್ ಒಳ್ಳೆಯದೋ ಅಂತ ಕೇಳಿದರೆ ಮೊದಲು ಬರುವ ಉತ್ತರ ಗೊತ್ತೇ ಇದೆ: ವೆಕ್ಟರ್ ಚಿತ್ರವನ್ನು ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಮಾತು ನಿಜ. ಆದರೆ ಕೆಲಸಕ್ಕೆ ಕೂತಾಗ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಬಿಡಿಸಿ ಮುಗಿದ ಮೇಲೆ ಚಿತ್ರವನ್ನು ಎಷ್ಟು ತಿದ್ದಬೇಕಾಗುತ್ತದೆ ಅನ್ನೋದು.

ಒಂದೇ ಮಿಂಚುಳ್ಳಿಯನ್ನು ವೆಕ್ಟರ್ ಸಾಫ್ಟ್‌ವೇರ್ ಆದ ಇಂಕ್‌ಸ್ಕೇಪ್‌ನಲ್ಲೂ ರಾಸ್ಟರ್ ಸಾಫ್ಟ್‌ವೇರ್ ಆದ ಕ್ರಿಟಾದಲ್ಲೂ ಬಿಡಿಸಿ ನೋಡಿದೆ. ಎರಡೂ ಪುಕ್ಕಟೆ ಸಿಗುತ್ತವೆ. ಕ್ರಿಟಾದಲ್ಲಿ ವೆಕ್ಟರ್ ಲೇಯರ್ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥದ್ದು) ಕೂಡ ಇದೆ, ಆದರೆ ನಾನು ಬಳಸಿದ್ದು ಪಿಕ್ಸೆಲ್‌ಗಳ ಪೇಂಟ್ ಲೇಯರ್ ಮಾತ್ರ.

ಇಂಕ್‌ಸ್ಕೇಪ್‌ನ ಪೆನ್ ಟೂಲ್ ಹೆಸರಿಗಷ್ಟೇ ಪೆನ್. ಅಲ್ಲಿ ಗೆರೆ ಎಳೆಯುವುದಿಲ್ಲ. ನೋಡ್, ಅಂದರೆ ಗೆರೆ ಹಾದುಹೋಗುವ ಬಿಂದುಗಳನ್ನು ಇಡುತ್ತೀರಿ, ಅವುಗಳ ಹಿಡಿಕೆಯಾದ ಹ್ಯಾಂಡಲ್ ಹಿಡಿದು ಬಾಗಿಸುತ್ತೀರಿ. ಈ ಬಾಗುಗೆರೆಗಳಿಗೆ ಬೆಜಿಯೆ ಕರ್ವ್ ಅನ್ನುತ್ತಾರೆ. ರೆನೋ ಕಾರು ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೆ 1960ರ ದಶಕದಲ್ಲಿ ಕಾರಿನ ಹೊರಮೈ ರೂಪಿಸಲು ಬಳಸಿದ ಲೆಕ್ಕ ಅದು. ಆ ಹುಟ್ಟುಗುಣ ಇನ್ನೂ ಹೋಗಿಲ್ಲ ಅನಿಸುತ್ತದೆ. ಹಕ್ಕಿಯ ಬೆನ್ನು, ಕೊಕ್ಕು, ತಲೆಯ ಉಬ್ಬು ಎಲ್ಲ ನಯವಾಗಿ ಬಂದವು. ನೋಡ್ ಕಡಿಮೆ ಇಟ್ಟಷ್ಟೂ ಗೆರೆ ಚೆಂದ. ಗರಿಯ ಹತ್ತಿರ ಬಂದಾಗ ಮಾತ್ರ ತಾಳ್ಮೆ ತಪ್ಪಿತು. ಒಂದೊಂದು ಎಳೆಗೂ ಒಂದೊಂದು ಆಕಾರ ಮಾಡಬೇಕು. ಮೆತ್ತಗಿನ ನೆರಳಿಗೆ ಬ್ಲರ್ ಹಾಕಿದರೆ ಪರದೆ ತೆವಳಲು ಶುರು. ಕೊನೆಗೆ ಗರಿಗಳನ್ನೇ ಬಿಟ್ಟು, ನೀಲಿ ಮತ್ತು ಕಿತ್ತಳೆ ಬಣ್ಣದ ಚಪ್ಪಟೆ ಹಕ್ಕಿಯಾಗಿ ಉಳಿಸಿದೆ. ಲೋಗೊಗೆ ಅದೇ ಸರಿ.

ಕ್ರಿಟಾದಲ್ಲಿ ಕಥೆ ಉಲ್ಟಾ. ಪೆನ್ ಟ್ಯಾಬ್ಲೆಟ್‌ನಲ್ಲಿ ಒತ್ತಿದರೆ ಗೆರೆ ದಪ್ಪ, ಹಗುರವಾಗಿ ಎಳೆದರೆ ತೆಳು. ಒರಟು ಬ್ರಷ್ ತೆಗೆದುಕೊಂಡು ಸುಮ್ನೆ ಎಳೆಯುತ್ತಾ ಹೋದರೂ ಗರಿ ಗರಿಯಾಗಿಯೇ ಕಂಡಿತು. ಕಿತ್ತಳೆ ಹೊಟ್ಟೆ ಬಿಳಿ ಕತ್ತಿನ ಕಡೆ ಕರಗುವ ಜಾಗವನ್ನು ಬಣ್ಣ ಕಲಸುವ ಸ್ಮಜ್ ಬ್ರಷ್‌ನಿಂದ ಒರೆಸಿದರೆ ಸಾಕು. ಅದನ್ನು ವೆಕ್ಟರ್‌ನಲ್ಲಿ ತರಲು ನಾನಂತೂ ಹೋಗುವುದಿಲ್ಲ. ಬಿಡಿಸುವ ಸುಖ ಇಲ್ಲೇ ಜಾಸ್ತಿ.

ಆಮೇಲೆ ಎರಡೂ ಹಕ್ಕಿಯ ಕೊಕ್ಕನ್ನು ಉದ್ದ ಮಾಡಲು ಹೊರಟೆ. ಇಂಕ್‌ಸ್ಕೇಪ್‌ನಲ್ಲಿ ತುದಿಯ ನೋಡ್ ಹಿಡಿದು ಎಳೆದೆ, ಆಯಿತು. ಕ್ರಿಟಾದಲ್ಲಿ ಕೊಕ್ಕು, ತಲೆ, ಹಿನ್ನೆಲೆ ಎಲ್ಲ ಒಂದೇ ಲೇಯರ್‌ನಲ್ಲಿದ್ದರೆ ಅಲ್ಲಿರುವುದು ಕೊಕ್ಕಲ್ಲ, ಬರೀ ಪಿಕ್ಸೆಲ್‌ಗಳು. ಆ ಭಾಗವನ್ನು ಆಯ್ದು, ಹಿಗ್ಗಿಸಿ, ಜೊತೆಗೆ ಎಳೆದುಕೊಂಡು ಬಂದ ಹಿನ್ನೆಲೆಗೆ ಮತ್ತೆ ಬಣ್ಣ ಬಳಿಯಬೇಕು. ಬಣ್ಣ ಬದಲಿಸುವುದೂ ಹಾಗೇ. ವೆಕ್ಟರ್‌ನಲ್ಲಿ ಒಂದೇ ನೀಲಿ ಇರುವ ಆಕಾರಗಳನ್ನೆಲ್ಲ ಒಟ್ಟಿಗೆ ಆಯ್ದುಕೊಂಡು ಹಸಿರು ಮಾಡಬಹುದು. ರಾಸ್ಟರ್‌ನಲ್ಲಿ ಬಕೆಟ್‌ನಿಂದ ಬಣ್ಣ ಸುರಿದರೆ ಅಂಚಿನಲ್ಲಿ ಹಳೆ ನೀಲಿಯ ಸಣ್ಣ ಪಟ್ಟಿ ಉಳಿಯುತ್ತದೆ. ಅಂಚು ನಯವಾಗಿ ಕಾಣಲೆಂದು ಅಲ್ಲಿನ ಪಿಕ್ಸೆಲ್‌ಗಳಲ್ಲಿ ಎರಡು ಬಣ್ಣ ಬೆರೆತಿರುತ್ತವೆ, ಅದಕ್ಕೇ. ಲೇಯರ್ ಬೇರೆ ಬೇರೆ ಇಟ್ಟರೆ ಈ ಗೋಳು ಕಡಿಮೆ. ಆದರೆ ಎಲ್ಲಿ ತಿದ್ದಬೇಕಾಗುತ್ತದೆ ಅಂತ ಮೊದಲೇ ಯಾರಿಗೆ ಗೊತ್ತಿರುತ್ತದೆ ಹೇಳಿ?

ಅಳತೆಯ ವಿಷಯಕ್ಕೆ ಬಂದರೆ, ರಾಸ್ಟರ್‌ನಲ್ಲಿ ಮುದ್ರಣದ ಗಾತ್ರ ಮೊದಲೇ ತೀರ್ಮಾನ ಆಗಬೇಕು. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಎ4 ಹಾಳೆ ಅಂದರೆ 2480×3508 ಪಿಕ್ಸೆಲ್. ವೆಕ್ಟರ್‌ಗೆ ಆ ಚಿಂತೆ ಇಲ್ಲ. ಹಾಗಂತ ವೆಕ್ಟರ್ ಎಲ್ಲ ಅಳತೆಗೂ ಸರಿ ಅಂದುಕೊಳ್ಳಬೇಡಿ. ಚಪ್ಪಟೆ ಹಕ್ಕಿಯನ್ನು 16×16 ಪಿಕ್ಸೆಲ್‌ನ ಐಕಾನ್ ಮಾಡಿದಾಗ ಕಣ್ಣು ಮಸುಕಾಗಿ ಕಲೆಯಂತೆ ಕಂಡಿತು. ತೆಳು ಗೆರೆಗಳು ಎರಡು ಪಿಕ್ಸೆಲ್ ನಡುವೆ ಸಿಕ್ಕಿಕೊಂಡು ಬೂದು ಆಗುತ್ತವೆ. ಅಷ್ಟು ಚಿಕ್ಕದಕ್ಕೆ ಒಂದೊಂದು ಪಿಕ್ಸೆಲ್ ನಾವೇ ತುಂಬುವುದು ಮೇಲು.

ಫೈಲ್ ಗಾತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಂಕ್‌ಸ್ಕೇಪ್ ಉಳಿಸುವ ಎಸ್‌ವಿಜಿ ಎಂಬ ವೆಕ್ಟರ್ ಫೈಲ್ ಅಂದರೆ ಬರೀ ಪಠ್ಯ, ನೋಟ್‌ಪ್ಯಾಡ್‌ನಲ್ಲೂ ತೆರೆಯಬಹುದು. ಆಕಾರಗಳು ಕಡಿಮೆ ಇದ್ದರೆ ಫೈಲ್ ಪುಟ್ಟದು, ಸಾವಿರಾರು ಇದ್ದರೆ ಅದೂ ಉಬ್ಬುತ್ತದೆ.

ಕ್ರಿಟಾದ ಹಕ್ಕಿಯನ್ನು ಇಂಕ್‌ಸ್ಕೇಪ್‌ನ ಟ್ರೇಸ್ ಬಿಟ್‌ಮ್ಯಾಪ್‌ಗೆ (ಪಿಕ್ಸೆಲ್ ಚಿತ್ರವನ್ನು ವೆಕ್ಟರ್ ಮಾಡುವ ಸೌಲಭ್ಯ) ಕೊಟ್ಟರೆ ಎರಡರ ಲಾಭವೂ ಸಿಗುತ್ತದಲ್ವಾ ಎನ್ನುವವರಿದ್ದಾರೆ. ಸಿಗುವುದಿಲ್ಲ. ಕಪ್ಪು ಬಿಳುಪು ಗೆರೆಚಿತ್ರಕ್ಕೆ ಟ್ರೇಸ್ ಚೆನ್ನಾಗಿದೆ. ಗರಿಗಳಿದ್ದ ಚಿತ್ರದಲ್ಲಿ ಎಲ್ಲಿ ನೋಡಿದರೂ ನೋಡ್‌ಗಳೇ ತುಂಬಿದವು. ಕೊಕ್ಕಿನ ತುದಿ ಯಾವ ನೋಡ್ ಅಂತ ಹುಡುಕುವಷ್ಟರಲ್ಲಿ ಹೊಸದಾಗಿ ಬಿಡಿಸಬಹುದಿತ್ತು.

ಈಗ ನಾನು ದಾರಿ ತಿರುಗಿಸಿದ್ದೇನೆ. ಹಕ್ಕಿಯ ಹೊರಗೆರೆಯನ್ನು ಇಂಕ್‌ಸ್ಕೇಪ್‌ನಲ್ಲಿ ಬಿಡಿಸಿ, ಬೇಕಾದ ಅಳತೆಗೆ ಪಿಎನ್‌ಜಿ ಎಂಬ ಪಿಕ್ಸೆಲ್ ಚಿತ್ರ ಮಾಡಿ, ಕ್ರಿಟಾದಲ್ಲಿ ಕೆಳಗಿನ ಲೇಯರ್ ಆಗಿ ಇಡುತ್ತೇನೆ. ಗರಿ, ನೆರಳು ಅದರ ಮೇಲೆ. ಲೋಗೊ ಕೇಳಿದವರಿಗೆ ಎಸ್‌ವಿಜಿ, ಚಿತ್ರ ಕೇಳಿದವರಿಗೆ ಕ್ರಿಟಾದ್ದು. ಕೊಕ್ಕು ಬದಲಾದರೆ ಅದರ ಸುತ್ತ ಮಾತ್ರ ಮತ್ತೆ ಬಣ್ಣ ಹಚ್ಚಬೇಕು. ಅಷ್ಟು ಕೆಲಸಕ್ಕೆ ನಾನು ತಯಾರು.