ಮೂರು ವರ್ಷ ಮಗಳು ಹೋದ ಉಡುಪಿಯ ನರ್ಸರಿ: ಬರೆಸಲು ಅವಸರ ಮಾಡಲಿಲ್ಲ, ಮಾತಾಡಿಸಿದರು

ಮಗಳನ್ನು 2022ರ ಜೂನ್‌ನಲ್ಲಿ ಸೇರಿಸಿದೆವು. ಆಗ ಅವಳಿಗೆ ಎರಡು ವರ್ಷ ಹತ್ತು ತಿಂಗಳು. 2025ರ ಮಾರ್ಚ್‌ನಲ್ಲಿ ಯುಕೆಜಿ ಮುಗಿಯಿತು. ಸೇರಿಸಿದ ಹೊಸತರಲ್ಲೇ ಬರೆಯಬೇಕೆಂದಿದ್ದೆ. ಬರೆಯದೆ ಇದ್ದದ್ದು ಒಳ್ಳೆಯದಾಯಿತು, ಆಗ ಬರೆದಿದ್ದರೆ ಬರೀ ದೂರು ಬರೆಯುತ್ತಿದ್ದೆ. ಉಡುಪಿ ಪೇಟೆಯೊಳಗೆ ಹಂಚಿನ ಮನೆಯೊಂದರಲ್ಲಿ ನಡೆಯುವ ಸಣ್ಣ ನರ್ಸರಿ ಇದು. ಹೆಸರು ಹಾಕಿಲ್ಲ. ಮಕ್ಕಳಿಗೆ ನರ್ಸರಿ ಹುಡುಕುತ್ತಿರುವವರಿಗೆ ಎಲ್ಲೇ ಹೋದರೂ ಏನು ನೋಡಬೇಕು, ಏನು ಕೇಳಬೇಕು ಎಂಬುದು ಇದರಿಂದ ತಿಳಿದರೆ ಸಾಕು.

ಮೊದಲು ಮಾತಿನ ವಿಷಯ, ನನಗೆ ಅದೇ ದೊಡ್ಡ ಚಿಂತೆಯಾಗಿತ್ತು. ಲಾಕ್‌ಡೌನ್ ಕಾಲದಲ್ಲಿ ಬೆಳೆದ ಮಗು. ನಾನು, ಗಂಡ, ಅತ್ತೆ ಬಿಟ್ಟರೆ ಬೇರೆ ಮುಖ ಕಂಡದ್ದೇ ಕಡಿಮೆ. ಮನೆಯಲ್ಲಿ ತುಳು. "ನೀರ್ ಬೋಡು" (ನೀರು ಬೇಕು), "ಬೊಡ್ಚಿ" (ಬೇಡ), "ಪುಚ್ಚೆ ಬತ್ತ್ಂಡ್" (ಬೆಕ್ಕು ಬಂತು) ಇಂಥ ಹತ್ತಿಪ್ಪತ್ತು ಮಾತಿನಲ್ಲೇ ಅವಳ ದಿನ ಕಳೆಯುತ್ತಿತ್ತು. ಮೊದಲು ವಿಚಾರಿಸಲು ಹೋಗಿದ್ದ ಇನ್ನೊಂದು ಕಡೆ, "ಮನೆಯಲ್ಲಿ ತುಳು ನಿಲ್ಲಿಸಿ, ಇಂಗ್ಲಿಷ್ ಮಾತಾಡಿ, ಇಲ್ಲದಿದ್ದರೆ ಮಗುವಿಗೆ ಗೊಂದಲ" ಎಂದು ಹೇಳಿ ಕಳಿಸಿದ್ದರು. ಈ ನರ್ಸರಿಯಲ್ಲಿ ಟೀಚರ್ ನಮ್ಮನ್ನು ಕೂರಿಸಿ ಕೇಳಿದ್ದೇ ಬೇರೆ. ಬಾಯಾರಿದರೆ ಏನು ಹೇಳುತ್ತಾಳೆ, ಉಚ್ಚೆ ಬಂದರೆ ಏನು ಹೇಳುತ್ತಾಳೆ, ಅಜ್ಜಿಯನ್ನು ಹೇಗೆ ಕರೆಯುತ್ತಾಳೆ? ಒಂದೊಂದನ್ನೂ ತುಳುವಿನಲ್ಲೇ ಬರೆದುಕೊಂಡರು.

ಆಮೇಲೆ ಐದು ತಿಂಗಳು ಅವಳು ನರ್ಸರಿಯಲ್ಲಿ ಬಾಯೇ ಬಿಡಲಿಲ್ಲ. ಅಳು ಎರಡು ವಾರಕ್ಕೆ ನಿಂತಿತ್ತು, ಮಾತು ಮಾತ್ರ ಇಲ್ಲ. ನಾನು ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಲು ಹೊರಟಿದ್ದೆ. ಟೀಚರ್ ಬೇಡ ಎನ್ನಲಿಲ್ಲ, "ತೋರಿಸಿ, ಕಿವಿಯನ್ನೂ ಪರೀಕ್ಷೆ ಮಾಡಿಸಿ" ಎಂದರು. ಜೊತೆಗೆ ಒಂದು ಪುಸ್ತಕ ತೆರೆದು ತೋರಿಸಿದರು. ಇವಳು ಯಾರ ಪಕ್ಕ ಕೂತಳು, ಯಾವ ಹಾಡಿಗೆ ಕೈ ಆಡಿಸಿದಳು, "ಚಪ್ಪಲಿ ತಾ" ಎಂದರೆ ತಂದಳೋ ಇಲ್ಲವೋ ಎಂದು ದಿನಾಂಕ ಹಾಕಿ ಬರೆದಿದ್ದರು. ಹೊಸ ಭಾಷೆಗೆ ಬಿದ್ದ ಮಕ್ಕಳಲ್ಲಿ ಕೆಲವರು ಮೊದಲು ಬರೀ ಕೇಳಿಸಿಕೊಳ್ಳುತ್ತಾರೆ, ಅರ್ಥವಾಗುವುದು ಮೊದಲು, ಆಡುವುದು ಆಮೇಲೆ ಎಂದು ಅವರು ಬಿಡಿಸಿ ಹೇಳಿದ ಮೇಲೆ ನನಗೆ ಆ ರಾತ್ರಿ ನಿದ್ದೆ ಬಂತು. ಕಿವಿಯಲ್ಲೂ ತೊಂದರೆ ಇರಲಿಲ್ಲ.

ನವೆಂಬರ್‌ನಲ್ಲಿ ಒಂದು ದಿನ ಬಾಯಿ ಬಿಟ್ಟಳು: "ಟೀಚರ್, ಕಕ್ಕೆ ನನ್ನ ಬಿಸ್ಕೆಟ್ ತಕೊಂಡು ಹೋಯ್ತು." ಕಕ್ಕೆ ತುಳು, ಉಳಿದದ್ದು ಕನ್ನಡ. ಆಗ ಟೀಚರ್ "ಕಕ್ಕೆ ಅಲ್ಲ, ಕಾಗೆ ಅನ್ನು" ಎಂದು ತಿದ್ದಲಿಲ್ಲವಂತೆ. "ಹೌದಾ, ಕಾಗೆ ಬಿಸ್ಕೆಟ್ ತಕೊಂಡು ಎಲ್ಲಿಗೆ ಹೋಯ್ತು?" ಎಂದು ಕೇಳಿದರಂತೆ. ಸರಿಯಾದ ಪದವೂ ಕಿವಿಗೆ ಬಿತ್ತು, ಮಾತೂ ಮುಂದುವರಿಯಿತು. ಇದನ್ನು ನಾನು ಮನೆಯಲ್ಲೂ ಕಲಿತೆ. ಆ ತರಗತಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಎಲ್ಲ ಇತ್ತು. ಮಳೆ ಬಂದರೆ ನಿಮ್ಮ ಮನೆಯಲ್ಲಿ ಏನು ಹೇಳುತ್ತಾರೆ ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ನನ್ನ ಮಗಳು "ಬರ್ಸ" ಎಂದು ಜೋರಾಗಿ ಹೇಳಿ ಮನೆಗೆ ಬಂದು ಅಜ್ಜಿಗೆ ವರದಿ ಒಪ್ಪಿಸಿದ್ದಳು.

ಬರೆಸುವ ವಿಷಯದಲ್ಲಿ ನಮ್ಮ ಮನೆಯಲ್ಲಿ ಜಗಳವೇ ಆಗಿದೆ. ಪಕ್ಕದ ಮನೆಯ ಮಗು ಮೂರೂವರೆಗೆ ಎಬಿಸಿಡಿ ಪೂರ್ತಿ ಬರೆಯುತ್ತಿತ್ತು, ನಮ್ಮವಳ ಪುಸ್ತಕ ಖಾಲಿ. "ಇಷ್ಟು ಫೀಸು ಕೊಟ್ಟು ಮಣ್ಣಾಟ ಆಡಿಸುವುದಾ ಮಾರಾಯ್ತಿ?" ಎಂದು ಅತ್ತೆ ಕೇಳಿದರು. ನಾನು ಹೋಗಿ ಅದನ್ನೇ ಟೀಚರ್‌ಗೆ ಕೇಳಿದೆ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳು ಇರುತ್ತವೆ, ಈ ವಯಸ್ಸಿನಲ್ಲಿ ಅವುಗಳಲ್ಲಿ ಹೆಚ್ಚಿನವು ಇನ್ನೂ ಮೆತ್ತಗಿನ ಮೃದ್ವಸ್ಥಿ, ಭುಜ ಮತ್ತು ಅಂಗೈಗೆ ಬಲ ಬಂದ ಮೇಲೆ ಬೆರಳಿಗೆ ಬರುತ್ತದೆ ಎಂದರು. ಚಪಾತಿ ಹಿಟ್ಟು ನಾದುವುದು, ಒದ್ದೆ ಬಟ್ಟೆ ಹಿಂಡುವುದು, ಬೇಯಿಸಿದ ನೆಲಗಡಲೆ ಸಿಪ್ಪೆ ಬಿಡಿಸುವುದು, ಸೌಟಿನಿಂದ ಪಾತ್ರೆಗೆ ನೀರು ತುಂಬುವುದು, ಇವೆಲ್ಲ ಬರೆಯುವ ಕೈಗೆ ತಯಾರಿ. ಒಮ್ಮೆ ಶಂಕರಪುರ ಕಡೆಯ ಅಜ್ಜಿಯೊಬ್ಬರನ್ನು ಕರೆಸಿ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವುದನ್ನು ತೋರಿಸಿದರು. ಮಕ್ಕಳ ಗಂಟು ನಿಲ್ಲಲಿಲ್ಲ, ಆದರೂ ಒಂದು ಗಂಟೆ ಯಾರೂ ಎದ್ದು ಹೋಗಲಿಲ್ಲವಂತೆ. ಪೆನ್ಸಿಲ್ ಕೊಟ್ಟದ್ದು ಎಲ್‌ಕೆಜಿಯ ಡಿಸೆಂಬರ್‌ನಲ್ಲಿ. ಎರಡೇ ತಿಂಗಳಲ್ಲಿ ತನ್ನ ಹೆಸರು ಬರೆದಳು. ಮೂರು ಬೆರಳಿನಲ್ಲಿ ಹಿಡಿಯುತ್ತಿದ್ದಳು, ಮುಷ್ಟಿ ಕಟ್ಟಿ ಅಲ್ಲ.

ಲೆಕ್ಕಕ್ಕೂ ಅದೇ ಕ್ರಮ. ಮೂರು ವರ್ಷಕ್ಕೇ ಇಪ್ಪತ್ತರವರೆಗೆ ಗಡಗಡ ಹೇಳುತ್ತಿದ್ದಳೆಂದು ನನಗೆ ಹೆಮ್ಮೆ ಇತ್ತು. ಐದು ಹುಣಸೆ ಬೀಜ ಮುಂದಿಟ್ಟರೆ ಏಳು ಎಂದು ಎಣಿಸಿದಳು, ಬಾಯಿ ಓಡುತ್ತಿತ್ತು, ಬೆರಳು ಹಿಂದೆ ಉಳಿಯುತ್ತಿತ್ತು. ಮಳೆಗಾಲದ ಆಟಿ ತಿಂಗಳಲ್ಲಿ ಅಲ್ಲಿ ಚೆನ್ನೆಮಣೆ ಇಳಿಸುತ್ತಾರೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಳು. ಪೂರ್ತಿ ಆಟ ಈ ವಯಸ್ಸಿಗೆ ಕಷ್ಟ. ಒಂದು ಗುಳಿಗೆ ಒಂದು ಕಾಳು ಹಾಕುತ್ತಾ ಹೋಗುವುದಷ್ಟೇ. ಒಂದು ಕಾಳಿಗೆ ಒಂದು ಸಂಖ್ಯೆ ಎಂಬುದು ಅವಳಿಗೆ ಅಲ್ಲಿ ಕೂತಿತು.

ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು. ಮೊದಲ ವರ್ಷ ಎಣಿಸುವ ಬಟ್ಟಲಲ್ಲಿ ಗುಲಗಂಜಿ ಇತ್ತು, ಕೆಂಪು ಮೈ, ಕಪ್ಪು ಕಣ್ಣಿನದ್ದು. ಅದು ವಿಷ, ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಕಂಡಕೂಡಲೇ ಹೇಳಿದೆ, ಆಗಲೇ ತೆಗೆದರು. ನಿಮ್ಮ ಮಕ್ಕಳ ನರ್ಸರಿಯಲ್ಲೂ ಒಮ್ಮೆ ಕಣ್ಣಾಡಿಸಿ.

ಭಯವನ್ನು ಅವರು ನಿಭಾಯಿಸಿದ ರೀತಿಯನ್ನು ನಾನು ಮರೆಯುವುದಿಲ್ಲ. ನಮ್ಮವಳಿಗೆ ಹುಲಿವೇಷ ಎಂದರೆ ನಡುಕ, ದೂರದಲ್ಲಿ ತಾಸೆ ಸದ್ದು ಕೇಳಿದರೂ ಮಂಚದಡಿ ಹೋಗುತ್ತಿದ್ದಳು. ಉಡುಪಿಯಲ್ಲಿ ಅಷ್ಟಮಿ, ವಿಟ್ಲಪಿಂಡಿ ಬಂದರೆ ತಪ್ಪಿಸಿಕೊಳ್ಳುವುದೆಲ್ಲಿಗೆ? ಹಬ್ಬಕ್ಕೆ ಎರಡು ವಾರ ಮೊದಲೇ ಹುಲಿಯ ಮುಖವಾಡ ತಂದು ಮೂಲೆಯಲ್ಲಿ ಇಟ್ಟರು. ಯಾರನ್ನೂ ಹತ್ತಿರ ಎಳೆಯಲಿಲ್ಲ, "ಹೆದರಬೇಡ" ಎಂದೂ ಹೇಳಲಿಲ್ಲ. ನಾಲ್ಕನೇ ದಿನ ಇವಳು ಅದರ ಕಿವಿ ಮುಟ್ಟಿದಳು. ಆಮೇಲೆ ಟೀಚರ್ ತಮ್ಮ ಕೈಗೆ ಹಳದಿ ಬಣ್ಣ, ಕಪ್ಪು ಪಟ್ಟೆ ಬಳಿದುಕೊಂಡು ಮಕ್ಕಳ ಎದುರೇ ತೊಳೆದರು. ಒಳಗೆ ಮನುಷ್ಯ ಇರುವುದು ಅವಳಿಗೆ ಕಂಡಿತು. ಆ ವರ್ಷ ಅಪ್ಪನ ಹೆಗಲ ಮೇಲೆ ಕೂತು ನೋಡಿದಳು, ಕಿವಿ ಮುಚ್ಚಿಕೊಂಡೇ ನೋಡಿದಳು.

ಈಗ ಕೊರತೆಗಳು. ಮೂರನೇ ವರ್ಷ ಮಕ್ಕಳು ಜಾಸ್ತಿಯಾದರು, ಹನ್ನೆರಡಿದ್ದ ತರಗತಿ ಇಪ್ಪತ್ತೆರಡಾಯಿತು, ಟೀಚರ್ ಒಬ್ಬರೇ. ಮೂರರಿಂದ ಆರು ವರ್ಷದವರಿಗೆ ಇಪ್ಪತ್ತಕ್ಕೆ ಒಬ್ಬರು, ಅದಕ್ಕೂ ಚಿಕ್ಕವರಿಗೆ ಹತ್ತಕ್ಕೆ ಒಬ್ಬರು ಎಂಬುದು 2013ರಲ್ಲಿ ಕೇಂದ್ರ ಸರ್ಕಾರ ಹೇಳಿದ ಅಳತೆ. ಹೆಚ್ಚಾದದ್ದು ಇಬ್ಬರೇ ಅಲ್ಲವೇ ಎನ್ನಬಹುದು. ನಷ್ಟವಾದದ್ದು ಆ ದಿನಚರಿಯ ಪುಸ್ತಕ. ಮೊದಲು ನಾಲ್ಕೈದು ಸಾಲು ಇರುತ್ತಿದ್ದ ಜಾಗದಲ್ಲಿ "ಗುಡ್" ಎಂಬ ಒಂದು ಪದ ಉಳಿಯಿತು. ಕೇಳಿದಾಗ ಒಪ್ಪಿಕೊಂಡರು, ವರ್ಷ ಮುಗಿಯುವವರೆಗೆ ಸರಿಪಡಿಸಲಿಲ್ಲ.

ವಾರ್ಷಿಕೋತ್ಸವ ನನಗೆ ಇಂದಿಗೂ ಬೇಸರ. ತಿಂಗಳುಗಟ್ಟಲೆ ರಿಹರ್ಸಲ್, ಮಧ್ಯಾಹ್ನದಿಂದ ಜರಿ ಬಟ್ಟೆ, ಸ್ಟೇಜ್ ಹತ್ತುವಾಗ ರಾತ್ರಿ ಎಂಟೂವರೆ. ವರ್ಷವಿಡೀ ಮಗುವಿನ ಗತಿಗೆ ಕಾಯುವವರು ಆ ಒಂದು ತಿಂಗಳು ಬೇರೆಯವರೇ ಆಗಿಬಿಡುತ್ತಾರೆ. ತೂಕ, ಎತ್ತರ ನೋಡುವ ಪದ್ಧತಿಯೂ ಇಲ್ಲ. ಅದಕ್ಕೆ ನಾವು ನಮ್ಮ ವಾರ್ಡಿನ ಅಂಗನವಾಡಿಗೇ ಹೋಗುತ್ತಿದ್ದೆವು, ಅಲ್ಲಿನ ಕಾರ್ಯಕರ್ತೆ ಅಳೆದು, ಬರೆದು, ಬೆಳವಣಿಗೆಯ ಗೆರೆ ತೋರಿಸಿ ಹೇಳುತ್ತಿದ್ದರು.

ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮದಿಂದ ಕೊನೆಯ ತಿಂಗಳುಗಳು ಆತಂಕದಲ್ಲೇ ಹೋದವು. 2019ರ ಆಗಸ್ಟ್‌ನಲ್ಲಿ ಹುಟ್ಟಿದವಳು, ಜೂನ್‌ಗೆ ಎರಡು ತಿಂಗಳು ಕಡಿಮೆ. 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷಕ್ಕೆ ಮಾತ್ರ ಐದು ವರ್ಷ ಐದು ತಿಂಗಳು ಸಾಕೆಂದು ಸರ್ಕಾರ ಸಡಿಲಿಸಿತು. ಅದಕ್ಕೂ ಮೊದಲು ಟೀಚರ್ ನಮಗೆ ಹೇಳಿದ್ದು, "ಇನ್ನೊಂದು ವರ್ಷ ಇಲ್ಲೇ ಇದ್ದರೂ ಅವಳಿಗೆ ನಷ್ಟ ಇಲ್ಲ, ಆದರೆ ಅದೇ ಪುಸ್ತಕ ಮತ್ತೆ ಮಾಡಿಸುವುದಿಲ್ಲ." ಆ ಮಾತು ನನಗೆ ಹಿಡಿಸಿತು.

ಐದಕ್ಕೆ ನಾಲ್ಕು ಸ್ಟಾರ್. ಮೊದಲ ಎರಡು ವರ್ಷಕ್ಕಾದರೆ ಐದೇ ಕೊಡುತ್ತಿದ್ದೆ. ಬರುವ ಜೂನ್‌ಗೆ ಮಗನನ್ನೂ ಅಲ್ಲಿಗೇ ಸೇರಿಸುತ್ತಿದ್ದೇವೆ. ಫಾರ್ಮ್ ತರಲು ಹೋದಾಗ ಮೂರು ಪ್ರಶ್ನೆ ಬರೆದುಕೊಟ್ಟೆ: ತರಗತಿಗೆ ಎಷ್ಟು ಮಕ್ಕಳು, ದಿನಚರಿ ಪುಸ್ತಕ ಮತ್ತೆ ಶುರುವಾಗುತ್ತದೆಯೇ, ವಾರ್ಷಿಕೋತ್ಸವವನ್ನು ಬೆಳಿಗ್ಗೆ ಇಟ್ಟುಕೊಳ್ಳಬಹುದೇ. ಮೊದಲೆರಡಕ್ಕೆ ಲಿಖಿತ ಉತ್ತರ ಬಂದಿದೆ, ಹದಿನೈದು ಮಕ್ಕಳು, ಪುಸ್ತಕ ಇರುತ್ತದೆ ಎಂದು. ಮೂರನೆಯದಕ್ಕೆ ಪೋಷಕರ ಸಭೆಯಲ್ಲಿ ಕೇಳಿ ಹೇಳುತ್ತೇವೆ ಎಂದಿದ್ದಾರೆ. ಆ ಸಭೆಗೆ ನಾನು ಹೋಗುತ್ತೇನೆ.