ಜನವರಿಯ ಕಡಲು ನೋಡಿ ಮೇ ತಿಂಗಳಲ್ಲಿ ಇಳಿಯಬೇಡಿ

ಮುಲ್ಕಿ ಹತ್ತಿರದ ಸಸಿಹಿತ್ಲು ಬೀಚ್ ಸರ್ಫಿಂಗ್ ಕಲಿಯೋಕೆ ಒಳ್ಳೆಯ ಜಾಗ ಅಂತ ನಾನೇ ಹತ್ತು ಜನಕ್ಕೆ ಹೇಳಿದ್ದೇನೆ. ಅದು ಸುಳ್ಳಲ್ಲ. ಆದರೆ ಯಾವ ತಿಂಗಳಲ್ಲಿ ಅಂತ ಹೇಳಿರಲಿಲ್ಲ, ಯಾಕೆಂದರೆ ನನಗೇ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಬಲಗೈ ಇನ್ನೂ ಭುಜದ ಮೇಲಕ್ಕೆ ಏಳುತ್ತಿಲ್ಲ.

ಜನವರಿಯಲ್ಲಿ ಅಲ್ಲಿ ಮೂರು ದಿನ ಕಲಿತೆ. ಸೊಂಟದೆತ್ತರದ ತೆರೆ. ಬೆಳಿಗ್ಗೆ ದಡದಿಂದ ಕಡಲಿನ ಕಡೆ ಬೀಸುವ ತೆಳುಗಾಳಿ. ಬಿದ್ದರೆ ಕಾಲಿಗೆ ಮರಳು ಸಿಗುತ್ತಿತ್ತು. ಮೂರನೇ ದಿನ ಬೋರ್ಡ್ ಮೇಲೆ ನಿಂತೆ. ನಾಲ್ಕು ಸೆಕೆಂಡ್ ಇರಬಹುದು ಅಷ್ಟೇ. ಬೆಂಗಳೂರಿಗೆ ಬಂದು ನಾಲ್ಕು ತಿಂಗಳು ಅದನ್ನೇ ಹೇಳಿಕೊಂಡು ತಿರುಗಿದೆ.

ಮತ್ತೆ ರಜೆ ಸಿಕ್ಕಿದ್ದು ಮೇ ಕೊನೆಗೆ. ಈ ಕರಾವಳಿಯಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. 2024ರಲ್ಲಿ ಸಸಿಹಿತ್ಲಿನಲ್ಲೇ ಮೇ 31ರಿಂದ ಜೂನ್ 2ರವರೆಗೆ ಇತ್ತು. ಸ್ಪರ್ಧೆಯನ್ನೇ ಆಗ ಇಡ್ತಾರೆ ಅಂದ್ರೆ ತೆರೆ ಚೆನ್ನಾಗಿರುತ್ತೆ ಅಂದುಕೊಂಡೆ. ಚೆನ್ನಾಗೇ ಇರುತ್ತೆ, ಅವರಿಗೆ.

ಮೊದಲು ಕಲಿತ ಕಡೆ ಫೋನ್ ಮಾಡಿದರೆ, "ಈಗ ಹೊಸಬರನ್ನು ಇಳಿಸುದಿಲ್ಲ, ಮಳೆಗಾಲ ಮುಗಿದ ಮೇಲೆ ಬನ್ನಿ" ಅಂದರು. ಸುಮ್ನೆ ಹೆದರಿಸ್ತಿದ್ದಾರೆ ಅನ್ನಿಸಿತು. ಬೋರ್ಡ್ ಬಾಡಿಗೆಗೆ ಕೊಡುವ ಬೇರೊಬ್ಬರನ್ನು ಹುಡುಕಿದೆ. ಅವರು ಈಜು ಬರುತ್ತಾ ಅಂತಲೂ ಕೇಳಲಿಲ್ಲ. 2000 ರೂಪಾಯಿ ಅಡ್ವಾನ್ಸ್ ತಗೊಂಡು ಗಟ್ಟಿ ಫೈಬರ್ ಬೋರ್ಡ್ ಕೊಟ್ಟರು. ಕಲಿಯುವವರಿಗೆ ಮೆತ್ತನೆಯ ಫೋಮ್ ಬೋರ್ಡ್ ಕೊಡುತ್ತಾರೆ. ಅದು ಇಲ್ಲ ಅಂದಾಗಲೇ ಹೊರಡಬೇಕಿತ್ತು.

ದಡದಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ನನ್ನನ್ನೂ ಬೋರ್ಡನ್ನೂ ನೋಡಿದರು. "ಪತ್ತನಾಜೆ ಕಳೀತಲ್ಲ ಮಾರಾಯ್ರೆ, ಈಗ ಯಾಕೆ ಇಳಿಯುದು?" ತುಳುನಾಡಿನಲ್ಲಿ ಪತ್ತನಾಜೆ ಅಂದರೆ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವುದು ಅವತ್ತು. ಅಲ್ಲಿಗೆ ಬೇಸಿಗೆ ಮುಗಿಯಿತು ಅಂತ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೂ ಮೀನುಗಾರಿಕೆ ನಿಷೇಧ. ಹುಟ್ಟಿದಾಗಿನಿಂದ ಕಡಲು ನೋಡಿದವರ ಮಾತು ಕೇಳದೆ, ಮೂರು ದಿನ ಕಲಿತ ನಾನು ನಕ್ಕು ಮುಂದೆ ಹೋದೆ.

ಮಳೆ ಇರಲಿಲ್ಲ, ಗಾಳಿಯೂ ಜಾಸ್ತಿ ಇರಲಿಲ್ಲ. ಆದರೆ ಜಾಗವೇ ಬೇರೆ ಅನ್ನಿಸಿತು. ಜನವರಿಯಲ್ಲಿ ಚಪ್ಪಟೆಯಾಗಿದ್ದ ದಡ ಈಗ ಇಳಿಜಾರು. ತೆರೆಗಳು ದಡದ ಬುಡಕ್ಕೇ ಬಂದು ಧೊಪ್ಪನೆ ಬೀಳುತ್ತಿದ್ದವು. ಇಲ್ಲಿ ತೆರೆ ಒಡೆಯುವುದು ಬಂಡೆಗಳ ಮೇಲಲ್ಲ, ನೀರಿನಡಿಯ ಮರಳ ದಿಬ್ಬಗಳ ಮೇಲೆ. ಆ ದಿಬ್ಬಗಳು ನಿಂತಲ್ಲಿ ನಿಲ್ಲುವುದಿಲ್ಲ. ಪಕ್ಕದಲ್ಲೇ ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಅಳಿವೆ ಬೇರೆ.

ಒಂದು ಕಡೆ ಮಾತ್ರ ತೆರೆ ಒಡೆಯುತ್ತಿರಲಿಲ್ಲ. ನೀರು ಸ್ವಲ್ಪ ಕಂದು ಬಣ್ಣ, ಶಾಂತವಾಗಿತ್ತು. ಅಲ್ಲೇ ಇಳಿದೆ. ಇದನ್ನು ದಯವಿಟ್ಟು ನೆನಪಿಡಿ: ಆ ಶಾಂತ ಜಾಗವೇ ಸೆಳೆತ. ದಡಕ್ಕೆ ನುಗ್ಗಿದ ನೀರೆಲ್ಲ ದಿಬ್ಬಗಳ ನಡುವಿನ ಓಣಿ ಹಿಡಿದು ವಾಪಸ್ ಹೋಗುವ ದಾರಿ ಅದು. ಹಿಂತಿರುಗಿ ನೋಡಿದಾಗ, ದಡದಲ್ಲಿ ಚಪ್ಪಲಿ ಪಕ್ಕ ಕೂತಿದ್ದ ನನ್ನ ತಮ್ಮ, ಬೆರಳಷ್ಟು ಕಾಣುತ್ತಿದ್ದ.

ನೇರ ದಡದ ಕಡೆಗೇ ಕೈ ಹೊಡೆದೆ. ಎಲ್ಲರೂ ಮಾಡುವ ತಪ್ಪು. ತೋಳು ಸೋತವು, ಇದ್ದಲ್ಲೇ ಇದ್ದೆ. ಕೊನೆಗೆ ಬೋರ್ಡ್ ತಬ್ಬಿಕೊಂಡು ಸುಮ್ಮನೆ ಮಲಗಿದೆ. ಬುದ್ಧಿಯಿಂದ ಅಲ್ಲ, ಸುಸ್ತಿನಿಂದ. ಅದೇ ಉಳಿಸಿತು. ಸ್ವಲ್ಪ ದೂರ ಹೋದ ಮೇಲೆ ಸೆಳೆತ ಸಡಿಲವಾಯಿತು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದೆ. ವಾಪಸ್ ಬರುವಾಗ ಬೋರ್ಡನ್ನು ನನ್ನ ಮತ್ತು ತೆರೆಯ ನಡುವೆ ಅಡ್ಡ ಹಿಡಿದಿದ್ದೆ. ತೆರೆ ಅದನ್ನೇ ಎತ್ತಿ ಭುಜಕ್ಕೆ ಬಡಿಯಿತು. ತೆರೆಯ ಎತ್ತರ ಎರಡರಷ್ಟಾದರೆ ಅದರ ಶಕ್ತಿ ನಾಲ್ಕರಷ್ಟಾಗುತ್ತದೆ ಅಂತ ಆಮೇಲೆ ಓದಿದೆ. ಭುಜಕ್ಕೆ ಓದುವ ಅಗತ್ಯ ಬೀಳಲಿಲ್ಲ.

ಹೊಸಬರಾದರೆ ಅಕ್ಟೋಬರ್ ಕೊನೆಯಿಂದ ಮಾರ್ಚ್ ಒಳಗೆ ಹೋಗಿ, ಅದೂ ಬೆಳಿಗ್ಗೆ. ಮಧ್ಯಾಹ್ನ ಕಡಲಗಾಳಿ ಎದ್ದರೆ ನೀರು ಕಲಕಿಹೋಗುತ್ತದೆ. ಏಪ್ರಿಲ್, ಮೇನಲ್ಲಿ ಬಿಸಿಲು ನೋಡಿ ಮೋಸಹೋಗಬೇಡಿ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆಗಳು ಇಲ್ಲಿ ಗಾಳಿಯೇ ಇಲ್ಲದ ದಿನವೂ ಬಂದು ಅಪ್ಪಳಿಸುತ್ತವೆ. ಕೇರಳದವರು ಅದನ್ನು ಕಳ್ಳಕಡಲು ಅನ್ನುತ್ತಾರೆ, ಎಷ್ಟು ಸರಿಯಾದ ಹೆಸರು ಅಲ್ವಾ? ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್ (INCOIS) ಇದರ ಮುನ್ಸೂಚನೆ ಕೊಡುತ್ತದೆ, ಹೊರಡುವ ಮುಂಚೆ ನೋಡಿ. ಇಳಿಯುವ ಮೊದಲು ಹದಿನೈದು ನಿಮಿಷ ದಡದಲ್ಲಿ ಕೂತು ನೀರು ಎಲ್ಲಿಂದ ವಾಪಸ್ ಹೋಗುತ್ತಿದೆ ಅಂತ ಗಮನಿಸಿ. ಸಿಕ್ಕಿಬಿದ್ದರೆ ಬೋರ್ಡ್ ಬಿಡಬೇಡಿ, ಕಾಲಿಗೂ ಬೋರ್ಡಿಗೂ ಕಟ್ಟಿದ ಹಗ್ಗ ಬಿಚ್ಚಬೇಡಿ, ಕೈ ಎತ್ತಿ ಬೀಸಿ.

ಬೋರ್ಡಿನ ಅಡಿಯ ಫಿನ್ (ರೆಕ್ಕೆ) ಮುರಿದಿದೆ ಅಂತ ನನ್ನ ಅಡ್ವಾನ್ಸ್ ಬಾಡಿಗೆಗೆ ಕೊಟ್ಟವರೇ ಇಟ್ಟುಕೊಂಡರು. ಮೊದಲು ಕಲಿತ ಕಡೆ ನವೆಂಬರ್‌ಗೆ ಹೆಸರು ಬರೆಸಿದ್ದೇನೆ. ಭುಜದ ವಿಷಯ ಅವರಿಗೆ ಇನ್ನೂ ಹೇಳಿಲ್ಲ.