ಬರಿ ಬೇರಿನ ಮಲ್ಲಿಗೆ: ನೆಲಕ್ಕೋ, ಮಣ್ಣಿನ ಕುಂಡಕ್ಕೋ, ತೊಟ್ಟೆಗೋ?

ಉಡುಪಿ ಮಲ್ಲಿಗೆಯ ಗೆಲ್ಲನ್ನು ನೆಲಕ್ಕೆ ಬಾಗಿಸಿ, ಬೇರು ಬಂದ ಮೇಲೆ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಕೊಡುವವರು ನಮ್ಮ ಕಡೆ ಈಗಲೂ ಇದ್ದಾರೆ. ಬೇರಿಗೆ ಮಣ್ಣು ಅಂಟಿರುವುದಿಲ್ಲ. ಹೀಗೆ ಮಳೆಗಾಲದ ಹೊತ್ತಿಗೆ ಕೈಸೇರಿದ ಗಿಡಗಳನ್ನು ನೇರವಾಗಿ ನೆಲದಲ್ಲಿ, ಮಣ್ಣಿನ ಕುಂಡದಲ್ಲಿ, ಕಪ್ಪು ತೊಟ್ಟೆಯಲ್ಲಿ (ಪ್ಲಾಸ್ಟಿಕ್ ಚೀಲದಲ್ಲಿ) ಬೆಳೆಸಿ ನೋಡಿದ್ದೇನೆ. ಹಿತ್ತಿಲಿಗೆ ಇಳಿಸುವ ಗಿಡಕ್ಕೆ ತೊಟ್ಟೆಯೇ ಮೇಲು ಎಂಬುದು ನನ್ನ ಅನುಭವ.

ನೇರವಾಗಿ ನೆಟ್ಟರೆ ಕೆಲಸ ಕಡಿಮೆ, ನಿಜ. ಆದರೆ ಮುರಕಲ್ಲು (ಜಂಬಿಟ್ಟಿಗೆ) ಕಡಿದು ಮಾಡಿದ ಗುಂಡಿಯಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ನೀರು ಇಂಗದೆ ನಿಲ್ಲುತ್ತದೆ. ಗಾಯಗೊಂಡ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಬುಡದಲ್ಲಿ ಬಿಳಿ ಎಳೆಗಳೂ ಸಾಸಿವೆಯಂಥ ಉಂಡೆಗಳೂ ಕಂಡರೆ ಅದು ಬುಡಕೊಳೆಯ ಶಿಲೀಂಧ್ರ. ಆ ಗಿಡದ ಆಸೆ ಬಿಟ್ಟು, ಕಿತ್ತು ದೂರ ಹಾಕುವುದೇ ಸರಿ. ಇಳಿಜಾರು ಜಾಗದಲ್ಲಿ ದಿಬ್ಬ ಮಾಡಿ ನೆಟ್ಟವು ಮಾತ್ರ ನನ್ನಲ್ಲಿ ಚೆನ್ನಾಗಿ ಬಂದಿವೆ.

ಮಣ್ಣಿನ ಕುಂಡದ ಗೋಡೆ ಉಸಿರಾಡುತ್ತದೆ, ಹಾಗಾಗಿ ಮಳೆಗಾಲದಲ್ಲಿ ಅದರಷ್ಟು ಸುರಕ್ಷಿತವಾದದ್ದು ಇಲ್ಲ. ತೊಂದರೆ ಬರುವುದು ಗಿಡ ಬಿಡಿಸುವಾಗ. ಬೇರು ಗೋಡೆಗೆ ಕಚ್ಚಿಕೊಂಡಿರುತ್ತದೆ, ಎಳೆದರೆ ಮಣ್ಣಿನ ಹೆಂಟೆ ಒಡೆಯುತ್ತದೆ, ಗಿಡ ಮತ್ತೆ ಬಾಡುತ್ತದೆ. ತಾರಸಿಯಲ್ಲಿ ಕುಂಡದಲ್ಲೇ ಉಳಿಯಬೇಕಾದ ಮಲ್ಲಿಗೆಗಾದರೆ ಇದನ್ನೇ ಆರಿಸುತ್ತೇನೆ.

ತೊಟ್ಟೆಯನ್ನು ಬ್ಲೇಡಿನಿಂದ ಸೀಳಿದರೆ ಬೇರು ಅಲುಗದೆ ನೆಲ ಸೇರುತ್ತದೆ. ಇದೊಂದೇ ಕಾರಣಕ್ಕೆ ಅದು ಗೆಲ್ಲುತ್ತದೆ ಎಂದರೂ ತಪ್ಪಲ್ಲ. ಆದರೆ ದೊಡ್ಡ ತೊಟ್ಟೆ ಬೇಡವೇ ಬೇಡ. ನೀರು ಹೀರುವ ಬೇರು ಇನ್ನೂ ಹಬ್ಬಿರದ ಕಾರಣ ಉಳಿದ ಮಣ್ಣು ಸದಾ ಒದ್ದೆಯಾಗಿಯೇ ಇರುತ್ತದೆ. ಆರು ಇಂಚು ಅಗಲ, ಎಂಟು ಇಂಚು ಎತ್ತರ ಸಾಕು. ತಳದಲ್ಲಷ್ಟೇ ಅಲ್ಲ, ಬದಿಗಳಲ್ಲೂ ತೂತು ಮಾಡಬೇಕು. ಸುಡುಮಣ್ಣು, ಮರಳು, ಹಳೆಯ ಹಟ್ಟಿಗೊಬ್ಬರ ಸಮಪಾಲು ಬೆರೆಸುತ್ತೇನೆ. ಮಣ್ಣು ಸುಡುವಾಗಲೇ ಕಳೆಯ ಬೀಜವೂ ರೋಗದ ಬೀಜಾಣುವೂ ಬಹುಪಾಲು ನಾಶವಾಗುವುದು ಎಳೆಯ ಬೇರಿಗೆ ದೊಡ್ಡ ಉಪಕಾರ. ಗಿಡ ಇಡುವ ಮೊದಲು ಅರ್ಧದಷ್ಟು ಎಲೆ ತೆಗೆಯಬೇಕು; ಇದ್ದಷ್ಟು ಬೇರು ಎಲ್ಲ ಎಲೆಗಳಿಗೂ ನೀರು ಒದಗಿಸಲಾರದು. ತೊಟ್ಟೆಗಳನ್ನು ಬೆಳಕು ಬೀಳುವ ಜಗಲಿಯ ಅಂಚಿನಲ್ಲಿ, ಮಾಡಿನ ನೀರು ನೇರವಾಗಿ ಸುರಿಯದಂತೆ ಇಡಬೇಕು.

ಹೊಸ ಚಿಗುರು ನೋಡಿ ಅವಸರ ಪಡಬಾರದು. ಕಾಂಡದಲ್ಲಿ ಕೂಡಿಟ್ಟ ಆಹಾರದಿಂದಲೇ ಚಿಗುರು ಬರಬಹುದು. ತೂತುಗಳಲ್ಲಿ ಬಿಳಿ ಬೇರು ಇಣುಕಿದಾಗ ಗಿಡ ಸಿದ್ಧ ಎಂದರ್ಥ. ಆಮೇಲೂ ತೊಟ್ಟೆಯಲ್ಲೇ ಬಿಟ್ಟರೆ ಬೇರು ಒಳಗೇ ಸುತ್ತು ಹಾಕಲು ತೊಡಗುತ್ತದೆ, ನೆಲಕ್ಕೆ ಇಳಿದರೂ ಹರಡುವುದಿಲ್ಲ. ನವರಾತ್ರಿ ಕಳೆದು ಮಳೆ ಹಿಡಿತಕ್ಕೆ ಬಂದ ಮೇಲೆ ಸಂಜೆ ಹೊತ್ತು ದಿಬ್ಬದ ಮೇಲೆ ನೆಟ್ಟು, ಬುಡಕ್ಕೆ ತೆಂಗಿನ ಸಿಪ್ಪೆ ಮುಚ್ಚುತ್ತೇನೆ. ನೆಲಗಡಲೆ ಹಿಂಡಿ ಕೊಳೆಸಿದ ನೀರನ್ನು ಗಿಡ ಹೊಸ ಗೆಲ್ಲು ಚಾಚುವವರೆಗೆ ಹಾಕುವುದಿಲ್ಲ. ಎಳೆಯ ಬೇರಿಗೆ ಅದು ತೀಕ್ಷ್ಣವಾಗುತ್ತದೆ.